ದಾನಿ ಒಂಬತ್ತು ಸಂತೃಪ್ತಳಲ್ಲ ಎಂಬ ಬಗ್ಗೆ

ಇಂದ:
ದಾನಿ ಸಂಖ್ಯೆ ಒಂಬತ್ತು
(ತಮ್ಮ ಸಂಸ್ಥೆಯ ದಿವಂಗತ ಹಿರಿಯ ಸಂಶೋಧಕರ ಪತ್ನಿ, ರಸಾಯನಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ, ನೀರು ಸರಬರಾಜು ಕಚೇರಿಯ ಪ್ರಯೋಗಾಲಯದಲ್ಲಿ ನೀರಿನ ಉಪ್ಪು ಅಳೆಯುವ ಉದ್ಯೋಗಿ)
ಮೂರನೇ ಮಹಡಿ, ಲಿಫ್ಟ್ ಇಲ್ಲದ ಕಟ್ಟಡ

ಗೆ:
ಮಾನ್ಯ ನಿರ್ದೇಶಕರು
ದೇಹದ್ರವ ಸಂವೇದಕ ಸಂಶೋಧನಾ ಸಂಸ್ಥೆ

ಮೂಲಕ: ಸೂಕ್ತ ಮಾರ್ಗ. (ಸೂಕ್ತ ಮಾರ್ಗವೆಂದರೆ ವಿಭಾಗದ ಮುಖ್ಯಸ್ಥರು. ಅವರ ಮೇಜಿನ ಮೇಲೆ ಕಾಗದಗಳು ದೀರ್ಘಕಾಲ ವಿಶ್ರಮಿಸುವ ಕಾರಣ ಒಂದು ಪ್ರತಿ ನೇರವಾಗಿ ತಮಗೆ.)

ವಿಷಯ: ಗಂಡನ ಮರಣಾನಂತರ ನಾನು ಸಂತೃಪ್ತಳಾಗಿದ್ದೇನೆಂದು ತಮ್ಮ ಸಂಸ್ಥೆ ಮೊಹರು ಹಾಕಿ ನೀಡಿರುವ ವರದಿಯಲ್ಲಿ ಒಂದು ಪದವನ್ನು ತಿದ್ದಿಕೊಡುವ ಬಗ್ಗೆ.

ಉಲ್ಲೇಖ:
೧. ತಮ್ಮ ಸಂತಾಪ ಪತ್ರ (ಎರಡು ಸಾಲು).
೨. ಕಣ್ಣೀರಿನ ಮಾದರಿ ನೀಡುವಂತೆ ಕೋರಿ ತಮ್ಮ ಪತ್ರ (ನಾಲ್ಕು ಪುಟ).
೩. ಮನೆಯಲ್ಲಿರುವ ಸಂಸ್ಥೆಯ ಯಂತ್ರವನ್ನು ಹಿಂತಿರುಗಿಸುವಂತೆ ತಮ್ಮ ಜ್ಞಾಪನ. ಸದರಿ ಜ್ಞಾಪನವನ್ನು ಜ್ಞಾಪಿಸುವ ಜ್ಞಾಪನ.
೪. ಸದರಿ ವರದಿ.

ಮಾನ್ಯರೇ,

೧. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ವಿನಂತಿಸಿಕೊಳ್ಳುವುದೇನೆಂದರೆ, ನನ್ನ ಪತಿಯವರು ತಮ್ಮ ಸಂಸ್ಥೆಯಲ್ಲಿ, ಒಂದು ಹನಿ ಕಣ್ಣೀರಿನಿಂದ ಖಿನ್ನತೆಯ ಕಾಯಿಲೆಯನ್ನು ಮೊದಲೇ ಪತ್ತೆ ಮಾಡುವ ಪಟ್ಟಿಯನ್ನು ತಯಾರಿಸುತ್ತಿದ್ದರು. ಒಂದು ಬೆಳಿಗ್ಗೆ ಕೆಲಸಕ್ಕೆ ಬರುವಾಗ ಕೆಂಪು ದೀಪ ಕಂಡು ನಿಯಮದಂತೆ ಬೈಕ್ ನಿಲ್ಲಿಸಿದರು. ಹಿಂದಿದ್ದ ಲಾರಿ ನಿಯಮದಂತೆ ನಿಲ್ಲಲಿಲ್ಲ. ಆ ಬಗ್ಗೆ ಬೇರೊಂದು ಇಲಾಖೆಯಲ್ಲಿ ಬೇರೊಂದು ಅರ್ಜಿ ಇರುವ ಕಾರಣ ಇಲ್ಲಿ ವಿಸ್ತರಿಸುವುದಿಲ್ಲ.

೨. ತಾವು ಆಡಳಿತದ ಕಡೆಯಿಂದ ಬಂದವರಾದ ಕಾರಣ, ಪಟ್ಟಿ ಕೆಲಸ ಮಾಡುವ ಬಗೆಯನ್ನು ನಮೂದಿಸುವುದು ಅವಶ್ಯ. ಬೆರಳಗಲದ ಕಾಗದ. ಅದರ ತುದಿಯಲ್ಲಿ ಇಂಗಾಲದ ಒಂದು ಚುಕ್ಕೆ. ಚುಕ್ಕೆಯ ಮೇಲೆ ಚಿನ್ನದ ನ್ಯಾನೋ ಕಣಗಳು. ಒಂದು ಕೂದಲನ್ನು ಉದ್ದಕ್ಕೆ ಸಾವಿರಾರು ಸಲ ಸೀಳಿದರೆ ಸಿಗುವ ಎಳೆಯಷ್ಟು ಸಣ್ಣವು. ಕಣಗಳ ಮೇಲೆ ಪ್ರತಿಕಾಯಗಳು, ಕೊಕ್ಕೆಗಳ ಹಾಗೆ. ಮನಸ್ಸು ಕುಸಿದಾಗ ದೇಹ ಬಿಡುವ ಕಾರ್ಟಿಸಾಲ್ ಎಂಬ ಹಾರ್ಮೋನ್ ಕಣ್ಣೀರಿನಲ್ಲಿ ತೇಲಿ ಬಂದು ಆ ಕೊಕ್ಕೆಗಳಿಗೆ ಸಿಕ್ಕಿಕೊಳ್ಳುತ್ತದೆ. ಸಿಕ್ಕಿಕೊಂಡಷ್ಟೂ ಚುಕ್ಕೆ ಮುಚ್ಚಿಹೋಗುತ್ತದೆ, ಅದರ ಮೂಲಕ ಹರಿಯುವ ವಿದ್ಯುತ್ ಇಳಿಯುತ್ತದೆ. ಎಷ್ಟು ಇಳಿಯಿತು ಎಂಬುದರಿಂದ ದುಃಖ ಎಷ್ಟಿದೆ ಎಂದು ಯಂತ್ರ ಲೆಕ್ಕ ಹಾಕಿ ಹೇಳುತ್ತದೆ. ಎಲ್ಲ ಕೊಕ್ಕೆಗಳೂ ಭರ್ತಿಯಾದ ಮೇಲೆ ಇನ್ನೆಷ್ಟು ಸುರಿದರೂ ಯಂತ್ರಕ್ಕೆ ತಿಳಿಯುವುದಿಲ್ಲ. ಆಗ ಅದು ಸಂಖ್ಯೆ ಹೇಳುವುದನ್ನು ನಿಲ್ಲಿಸಿ ಒಂದು ಪದ ಹೇಳುತ್ತದೆ. ಈ ಅರ್ಜಿ ಆ ಪದದ ಬಗ್ಗೆ.

೩. ಪಟ್ಟಿ ಮಾಡುವುದು ಸುಲಭ, ಕಣ್ಣೀರು ಸಿಗುವುದು ಕಷ್ಟ ಎಂದು ನನ್ನ ಪತಿ ಹೇಳುತ್ತಿದ್ದರು. ಈರುಳ್ಳಿಯ ಕಣ್ಣೀರು ನಡೆಯುವುದಿಲ್ಲ. ಅದು ಕಣ್ಣಿನ ವ್ಯವಹಾರ, ಮನಸ್ಸಿಗೆ ಗೊತ್ತೇ ಇರುವುದಿಲ್ಲ. ಆದ್ದರಿಂದ ಅವರು ಮನೆಯೊಳಗಿನ ಸಂಪನ್ಮೂಲವನ್ನು ಬಳಸಿಕೊಂಡರು. ಪಟ್ಟಿ ಓದುವ ಸಣ್ಣ ಯಂತ್ರವೊಂದನ್ನು ಸಂಸ್ಥೆಯಿಂದ ಮನೆಗೆ ತಂದಿಟ್ಟುಕೊಂಡರು. ನಾವು ಜಗಳವಾಡಿದಾಗ, ಮಾತು ಸರಿಯಾಗಿ ತಿರುಳಿಗೆ ಬರುವ ಹೊತ್ತಿಗೆ, ಎದ್ದು ಹೋಗಿ ಫ್ರಿಜ್‌ನಿಂದ ಪಟ್ಟಿ ತರುತ್ತಿದ್ದರು.

"ಒಂದ್ ನಿಮಿಷ. ಒರೆಸ್ಕೋಬೇಡ. ಹಾಗೇ ಇರು."

"ನಿಮಗೆ ನಾನು ಹೆಂಡತಿನೋ, ನಲ್ಲಿನೋ?"

"ಮಾತಾಡ್ಬೇಡ. ಕೆನ್ನೆ ಅಲ್ಲಾಡುತ್ತೆ."

ಕೆನ್ನೆ ಅಲ್ಲಾಡಿಸದೆ ಜಗಳ ಮುಂದುವರಿಸುವುದು ಹೇಗೆಂದು ಯಾವ ವಿಶ್ವವಿದ್ಯಾಲಯವೂ ನನಗೆ ಕಲಿಸಿರಲಿಲ್ಲ. ಪಟ್ಟಿ ಕುಡಿದು ಮಿಕ್ಕಿದ್ದನ್ನು ಅವರು ಸಣ್ಣ ಟ್ಯೂಬಿಗೆ ತುಂಬಿ, ಮೇಲೆ ಕಾರಣ ಬರೆದು, ತಮ್ಮ ಸಂಸ್ಥೆಯ ಫ್ರೀಜರಿನಲ್ಲಿ ಇಡುತ್ತಿದ್ದರು. "ಒದ್ದೆ ಟವೆಲ್." "ಅಮ್ಮನ ಮುಂದೆ ನಾನು ಆಡಿದ ಮಾತು." "ಅವಳ ತಪ್ಪು (ಅವಳ ಪ್ರಕಾರ ನನ್ನದು)." "ಕಾರಣ ತಿಳಿಯಲಿಲ್ಲ." ನಮ್ಮ ದಾಂಪತ್ಯದ ಸಾರಾಂಶ ಈಗಲೂ ತಮ್ಮ ಎರಡನೇ ಮಹಡಿಯಲ್ಲಿ, ಮಂಜುಗಟ್ಟಿದ ಸ್ಥಿತಿಯಲ್ಲಿ, ಸುರಕ್ಷಿತವಾಗಿದೆ.

೪. ದಾನಿಯ ಒಪ್ಪಿಗೆ ಪತ್ರಕ್ಕೆ ನಾನು ಸಹಿ ಮಾಡಿದ್ದೇನೆ. ದಾನಿಯು ಯಾವುದೇ ಕಾರಣ ನೀಡದೆ ಯಾವಾಗ ಬೇಕಾದರೂ ಅಧ್ಯಯನದಿಂದ ಹಿಂದೆ ಸರಿಯಬಹುದು ಎಂದು ಅದರಲ್ಲಿ ಸ್ಪಷ್ಟವಾಗಿದೆ. ಸಂಶೋಧಕರು ಹಾಗೆ ಸರಿಯಬಹುದೇ ಎಂಬ ಬಗ್ಗೆ ಏನೂ ಇಲ್ಲ. ಮುಂದಿನ ಆವೃತ್ತಿಯಲ್ಲಿ ಸೇರಿಸಬಹುದು.

೫. ಅವರು ಹೋದ ಮೇಲೆ ನಾನು ಅಳಲಿಲ್ಲ. ಇದಕ್ಕೆ ಕಾರಣ ಕೇಳಿದವರಿಗೆ ಕೊಡಲು ನನ್ನ ಬಳಿ ಕಾರಣ ಇರಲಿಲ್ಲ. ಬಂದವರೆಲ್ಲ ಬಾಗಿಲಲ್ಲೇ ನನ್ನ ಮುಖ ನೋಡುತ್ತಿದ್ದರು, ಆಮೇಲೆ ಚಪ್ಪಲಿ ಬಿಡುತ್ತಿದ್ದರು. "ಅತ್ತುಬಿಡಮ್ಮ, ಹಗುರಾಗುತ್ತೆ" ಎನ್ನುತ್ತಿದ್ದರು. ಹಗುರವಾದ ಮೇಲೆ ಎಲ್ಲಿಗೆ ಹೋಗಬೇಕೆಂದು ಯಾರೂ ಹೇಳಲಿಲ್ಲ. ನನ್ನ ಜೊತೆಯಲ್ಲಿರುವ ಅತ್ತೆ (ಪತಿಯವರ ತಾಯಿ, ಶಾಲೆಯಲ್ಲಿ ಹೊಲಿಗೆ ಕಲಿಸಿ ನಿವೃತ್ತರಾದವರು) ಇಬ್ಬರ ಪಾಲಿನದನ್ನೂ ಅಳುತ್ತಿದ್ದರು. ಬಟ್ಟೆ ಮಡಿಸುವಾಗ ಅಳುತ್ತಿದ್ದರು. ಕುಕ್ಕರ್ ಕೂಗುವವರೆಗೆ ಕಾಯುತ್ತ ಅಳುತ್ತಿದ್ದರು. ನಡುವೆ ಒಂದೊಂದು ಸಲ ತಲೆ ಎತ್ತಿ ನನ್ನ ಕಡೆ ನೋಡುತ್ತಿದ್ದರು. ಪಕ್ಕದ ಹೊಲಿಗೆ ಯಂತ್ರ ಯಾಕೆ ಸದ್ದು ಮಾಡುತ್ತಿಲ್ಲ ಎಂದು ನೋಡುವ ಟೀಚರ್ ಹಾಗೆ. ಆದರೂ ನನ್ನ ತಟ್ಟೆಗೆ ಬಡಿಸುವುದನ್ನು ನಿಲ್ಲಿಸಿರಲಿಲ್ಲ. ಈ ಅಂಶ ಮುಂದೆ ಮುಖ್ಯವಾಗುವ ಕಾರಣ ಇಲ್ಲಿ ದಾಖಲಿಸಿದ್ದೇನೆ.

೬. ಹೀಗಿರಲು ತಮ್ಮ ವಿಭಾಗದ ಮುಖ್ಯಸ್ಥರು ನಮ್ಮ ಮನೆಗೆ ಬಂದರು. ಇವರನ್ನು ನನ್ನ ಪತಿ ಮನೆಯಲ್ಲಿ ಪಾಯಿಂಟ್ ಸಾರ್ ಎಂದು ಕರೆಯುತ್ತಿದ್ದರು. ಚಹಾಕ್ಕೆ ಸಕ್ಕರೆ ಎಷ್ಟು ಎಂದು ಕೇಳಿದರೆ ಒಂದೂವರೆ ಎನ್ನದೆ ಒಂದು ಪಾಯಿಂಟ್ ಐದು ಎನ್ನುವವರು. ಅವರು ಅರ್ಧ ಲೋಟ ಚಹಾ ಕುಡಿದು, ಗೋಡೆಯ ಮೇಲಿನ ಫೋಟೋ ನೋಡಿ, ಗಂಟಲು ಸರಿಮಾಡಿಕೊಂಡರು.

"ಇಂಥ ಸಮಯದಲ್ಲಿ ಕೇಳ್ಬಾರದು ಅಮ್ಮ."

"ಕೇಳ್ಬೇಡಿ ಸಾರ್."

"ಆದ್ರೆ ನೋಡಿ, ಒಂದೇ ವ್ಯಕ್ತಿಯ ಮೊದಲು ಮತ್ತು ನಂತರ, ಅಂಥ ಜೋಡಿ ಮಾದರಿ ನಮ್ಮ ಹತ್ರ ಒಂದೂ ಇಲ್ಲ. ಮೊದಲಿನದು ನಿಮ್ಮದು ಬೇಕಾದಷ್ಟಿದೆ. ನಂತರದ್ದು ಒಂದು ಸಿಕ್ಕಿದ್ರೆ ಪ್ರಬಂಧ ಪೂರ್ತಿ ಆಗುತ್ತೆ. ಅವರ ಆತ್ಮಕ್ಕೂ ಶಾಂತಿ."

"ಅವರ ಆತ್ಮ ಪ್ರಬಂಧ ಕೇಳ್ತಾ ಇದೆಯಾ ಸಾರ್?"

"ಎರಡು ಪಾಯಿಂಟ್ ಸೊನ್ನೆ ಮೈಕ್ರೋಲೀಟರ್ ಸಾಕು. ಇಂಥ ಅವಕಾಶ ಮತ್ತೆ ಸಿಗಲ್ಲ."

ಮತ್ತೆ ಸಿಗುವುದಿಲ್ಲ ಎಂಬುದು ನಿಜವಾದ ಕಾರಣ, ಅತ್ತೆಯವರೂ "ಅವನ ಕೆಲಸ ಅರ್ಧಕ್ಕೆ ನಿಲ್ಲೋದು ಬೇಡ, ಹೋಗಿ ಬಾಮ್ಮ" ಎಂದ ಕಾರಣ, ನಾನು ಒಪ್ಪಿದೆ.

೭. ಮಾದರಿ ಸಂಗ್ರಹಿಸುವ ತಮ್ಮ ಕೊಠಡಿ ಅತ್ಯಂತ ಅನುಕೂಲಕರವಾಗಿದೆ. ತಿಳಿನೀಲಿ ಗೋಡೆ, ಹಲ್ಲಿನ ಡಾಕ್ಟರ ಹತ್ತಿರ ಇರುವಂಥ ಕುರ್ಚಿ, ಎದುರಿಗೆ ಟಿವಿ. ಕೈಗೆ ಸಿಗುವಂತೆ ಟಿಶ್ಯೂ ಕಾಗದದ ಪೆಟ್ಟಿಗೆ, ಅದರ ಮೇಲೆ "ಬಳಸಬಾರದು" ಎಂಬ ಚೀಟಿ.

ಮೊದಲು ಆನೆಮರಿಯೊಂದು ತಾಯಿಯಿಂದ ಬೇರೆಯಾದ ಚಿತ್ರ ತೋರಿಸಿದರು. ಮರಿ ಅತ್ತಿತು. ಪಾಯಿಂಟ್ ಸಾರ್ ಅತ್ತರು. ಹಿರಿಯ ತಂತ್ರಜ್ಞೆ ಪಟ್ಟಿ ಹಿಡಿದುಕೊಂಡು ನನ್ನ ಮುಖದ ಹತ್ತಿರ ಬಗ್ಗಿ ನಿಂತೇ ಇದ್ದರು. ಕೊನೆಗೆ ನಾನೇ ಹೇಳಿದೆ:

"ಸಾರ್‌ದು ಪೋಲಾಗ್ತಿದೆ. ಹಿಡ್ಕೊಳ್ಳಿ."

ಹಿಡಿದುಕೊಂಡರು. ಅದು ಆರೋಗ್ಯವಂತರ ಸಾಲಿನಲ್ಲಿ ದಾಖಲಾಗಿದೆಯೆಂದು ಆಮೇಲೆ ತಿಳಿಯಿತು.

ಎರಡನೆಯದಾಗಿ, ನನ್ನ ಪತಿಯವರ ಬಿಳಿ ಕೋಟನ್ನು ಅವರ ಕಪಾಟಿನಿಂದ ತಂದು ಎದುರಿಗೆ ನೇತುಹಾಕಿದರು. ಎಡಗಡೆಯ ಜೇಬಿನ ಕೆಳಗೆ ಶಾಯಿಯ ಕಲೆ. ಅದನ್ನು ನಾನು ನಿಂಬೆಹಣ್ಣು ಹಾಕಿ ತಿಕ್ಕಿದ್ದೆ, ಹೋಗಿರಲಿಲ್ಲ. ಇನ್ನೂ ಹೋಗಿರಲಿಲ್ಲ. ನಾನು ಕಲೆಯನ್ನು ನೋಡಿದೆ. ಅವರು ನನ್ನನ್ನು ನೋಡಿದರು. ಇದಕ್ಕಿಂತ ಹೆಚ್ಚಿನದೇನೂ ನಡೆಯಲಿಲ್ಲ.

ಕಡೆಗೆ ತಂತ್ರಜ್ಞೆ ಬೇಸತ್ತು, "ಬಿಡಿ ಸಾರ್, ಆಕೆನ ಯಾಕೆ ಗೋಳು ಹೊಯ್ಕೋತೀರಾ" ಎಂದು ಪಟ್ಟಿಯ ತುದಿಯನ್ನು ನನ್ನ ಕೆಳರೆಪ್ಪೆಯೊಳಗೆ ಇಟ್ಟರು. ಅಳದಿದ್ದರೂ ಎಲ್ಲರ ಕಣ್ಣಿನಲ್ಲೂ ಒಂದಿಷ್ಟು ತೇವ ಇದ್ದೇ ಇರುತ್ತದೆ, ಇಲ್ಲದಿದ್ದರೆ ರೆಪ್ಪೆ ಬಡಿಯಲಾಗುವುದಿಲ್ಲ. ಪಟ್ಟಿ ಅದನ್ನು ಕುಡಿಯಿತು. "ಮುಗೀತು ತಾಯಿ, ಮನೆಗೆ ಹೋಗಿ" ಎಂದರು. ತಮ್ಮ ಸಂಸ್ಥೆಯಲ್ಲಿ ಅಂದು ಕೇಳಿದ ಒಂದೇ ಒಂದು ಸರಿಯಾದ ಮಾತು ಅದು.

೮. ಕೆಲವು ದಿನಗಳ ನಂತರ ವರದಿ ಮನೆಗೆ ಬಂತು. ಫಲಿತಾಂಶವನ್ನು ದಾನಿಗೆ ಅರ್ಥವಾಗುವ ಭಾಷೆಯಲ್ಲೇ ತಿಳಿಸತಕ್ಕದ್ದು ಎಂಬ ತಮ್ಮ ನಿಯಮ ಶ್ಲಾಘನೀಯ. ಆದ್ದರಿಂದ ಅದು ಸ್ವಚ್ಛ ಕನ್ನಡದಲ್ಲಿತ್ತು. ಪೂರ್ಣಪಾಠ ಹೀಗಿದೆ:

ದಾನಿ: ಒಂಬತ್ತು.
ಮಾದರಿ: ಕಣ್ಣೀರು.
ಸಂದರ್ಭ: ಪತಿಯ ಮರಣಾನಂತರ.
ಸ್ಥಿತಿ: ಸಂತೃಪ್ತ.
ಷರಾ: ಉಪಯೋಗಕ್ಕೆ ಬರುವುದಿಲ್ಲ.

ಕೆಳಗೆ ದುಂಡನೆಯ ಮೊಹರು.

೯. ಇಲ್ಲಿ ತಾಂತ್ರಿಕ ಅಂಶವೊಂದನ್ನು ನಿವೇದಿಸುವುದು ಅಗತ್ಯ. ಲೋಟದ ನೀರಿಗೆ ಸಕ್ಕರೆ ಹಾಕುತ್ತಾ ಹೋದರೆ ಒಂದು ಹಂತದಲ್ಲಿ ಇನ್ನು ಕರಗುವುದಿಲ್ಲ, ತಳದಲ್ಲಿ ನಿಲ್ಲುತ್ತದೆ. ಅದನ್ನು ನಾವು ಶಾಲೆಯಲ್ಲಿ ಸಂತೃಪ್ತ ದ್ರಾವಣ ಎಂದು ಕಲಿತೆವು. ಕಣ್ಣಿನ ಸುಮ್ಮನಿರುವ ತೇವದಲ್ಲೇ ಪಟ್ಟಿಯ ಕೊಕ್ಕೆಗಳೆಲ್ಲ ಭರ್ತಿಯಾಗಿದ್ದವು. ಸಂಖ್ಯೆ ಹೇಳಲು ಯಂತ್ರಕ್ಕೆ ಜಾಗ ಉಳಿದಿರಲಿಲ್ಲ. ವರದಿ ಹೇಳಿದ್ದು ಅಷ್ಟು. ಓದಿದವರಿಗೆ ಕೇಳಿಸಿದ್ದು ಬೇರೆ.

೧೦. ಓದಿದವರು ಅತ್ತೆ. ಮನೆಗೆ ಬಂದ ಯಾವ ಕಾಗದವನ್ನೂ, ಕರೆಂಟ್ ಬಿಲ್ಲಿನ ಹಿಂಬದಿಯನ್ನೂ ಬಿಡದೆ ಓದುವ ಅಭ್ಯಾಸ ಅವರದು. ನಾನು ಕೆಲಸದಿಂದ ಬಂದಾಗ ಕನ್ನಡಕ ಹಾಕಿಕೊಂಡು, ವರದಿಯನ್ನು ಮಡಿಲಲ್ಲಿ ಇಟ್ಟುಕೊಂಡು ಕುಳಿತಿದ್ದರು.

"ಏನಮ್ಮಾ ಇದು?"

"ವರದಿ ಅತ್ತೆ. ಅವತ್ತು ಹೋಗಿದ್ನಲ್ಲ."

"ಅದು ನನಗೂ ಗೊತ್ತು. ಪತಿಯ ಮರಣಾನಂತರ, ಸಂತೃಪ್ತ. ಏನಿದು?"

"ಅದು ಮನುಷ್ಯರಿಗೆ ಹೇಳಿದ್ದಲ್ಲ ಅತ್ತೆ. ದ್ರಾವಣದ ಭಾಷೆ."

"ದ್ರಾವಣಕ್ಕೆ ಗಂಡ ಇರ್ತಾನಾ?"

ನಾನು ಚಪ್ಪಲಿ ಬಿಟ್ಟು ಒಳಗೆ ಬಂದೆ.

"ನಾನು ಅಂದ್ಕೋತಿದ್ದೆ," ಎಂದರು ಅತ್ತೆ. "ಒಳಗೊಳಗೇ ನುಂಗ್ಕೋತಿದಾಳೆ, ಪಾಪ, ಗಟ್ಟಿ ಹುಡುಗಿ ಅಂತ.  ಬಂದೋರ ಹತ್ರ ಎಲ್ಲ ಅದನ್ನೇ ಹೇಳ್ತಿದ್ದೆ."

ಕನ್ನಡಕ ತೆಗೆದು ಪೆಟ್ಟಿಗೆಯಲ್ಲಿಟ್ಟು ಅದನ್ನು ಟಪ್ಪೆಂದು ಮುಚ್ಚಿದರು. ಅವತ್ತು ನಾನೇ ಬಡಿಸಿಕೊಂಡೆ.

೧೧. ಮರುದಿನ ನಾದಿನಿ ಫೋನ್ ಮಾಡಿದಳು. "ಅತ್ತಿಗೆ, ನೀವು ಅಂಥೋರು ಅಂತ ನಾನೇನೂ ನಂಬಲ್ಲ," ಎಂದಳು. "ಆದ್ರೆ ಸೀಲ್ ಬೇರೆ ಇದೆಯಂತೆ." ಅಮ್ಮ ಇನ್ನು ಮೇಲೆ ತನ್ನ ಮನೆಯಲ್ಲಿ ಇರುತ್ತಾರೆ, ಶನಿವಾರ ಗಾಡಿ ಕಳಿಸುತ್ತೇನೆ ಎಂದಳು. ಅತ್ತೆ ಅಡುಗೆಮನೆಯಲ್ಲಿ, ಎಲ್ಲವೂ ಕೇಳಿಸುವಷ್ಟು ಹತ್ತಿರದಲ್ಲಿ, ಏನೂ ಕೇಳಿಸದವರಂತೆ ಡಬ್ಬಿಗಳನ್ನು ಒರೆಸುತ್ತಿದ್ದರು.

ಈ ಮನೆಯಲ್ಲಿ ಅವರು ಹೋದರೆ ನಾನು ಮತ್ತು ತಮ್ಮ ಯಂತ್ರ ಉಳಿಯುತ್ತೇವೆ. ಅದನ್ನೂ ತಾವು ವಾಪಸು ಕೇಳುತ್ತಿದ್ದೀರಿ.

೧೨. ಆದ್ದರಿಂದ ನಾನು ರಜೆ ಹಾಕಿ ತಮ್ಮ ಕಚೇರಿಯ ಭಾಷಾ ಘಟಕಕ್ಕೆ ಹೋದೆ. ಅಲ್ಲಿಯ ಗುಮಾಸ್ತರು ನನ್ನ ದೂರನ್ನು ಸಹನೆಯಿಂದ ಕೇಳಿಸಿಕೊಂಡರು.

"ನಿಮಗೆ ಯಾವ ಪದ ಬೇಕಿತ್ತು ಮೇಡಂ?"

"ಅಳತೆ ಮೀರಿದೆ ಅಂತ ಹಾಕಿ."

"ಇಷ್ಟಪಟ್ಟ ಪದ ಹಾಕೋಕೆ ಇದೇನು ಮದುವೆ ಪತ್ರಿಕೆನಾ? ನಮ್ಮ ಪದಕೋಶದಲ್ಲಿ ಇರೋದು ಇದೇ. ಯಂತ್ರದ ಪರದೆ ಮೇಲೂ ಇದೇ ಬರುತ್ತೆ. ನಾನಾಗಿ ಬದಲಾಯಿಸಿದ್ರೆ ನನ್ನ ಕೆಲಸಕ್ಕೇ ಸಂಚಕಾರ."

"ಈ ಪದ ಕೊಟ್ಟ ಪುಣ್ಯಾತ್ಮ ಯಾರು?"

ಗುಮಾಸ್ತರು ಪೆನ್ನಿನಿಂದ ಕಿವಿ ಕೆರೆದುಕೊಂಡರು. ಆಮೇಲೆ ಮೆಲ್ಲಗೆ, "ನಿಮ್ಮ ಯಜಮಾನ್ರೇ ಮೇಡಂ," ಎಂದರು.

ಆಗ ನನಗೆ ಜ್ಞಾಪಕಕ್ಕೆ ಬಂತು. ಅವರು ಯಂತ್ರಕ್ಕೆ ಕನ್ನಡ ಹಾಕುತ್ತಿದ್ದ ದಿನಗಳಲ್ಲಿ ಒಂದು ಭಾನುವಾರ ನನ್ನನ್ನೂ ಕೇಳಿದ್ದರು. "ಅಳತೆ ಮೀರಿದೆ" ಎಂದು ನಾನು ಅಂದೇ ಹೇಳಿದ್ದೆ. "ಹಿಡಿಸಲ್ಲ. ಪರದೆ ಇಷ್ಟೇ ಇರೋದು," ಎಂದು ಹೆಬ್ಬೆರಳು ತೋರಿಸುತ್ತಾರೆ ಅವರು. "ಪರದೆ ದೊಡ್ಡದು ಮಾಡಿ," ಎನ್ನುತ್ತೇನೆ ನಾನು. "ಪದ ಚಿಕ್ಕದು ಮಾಡೋದು ಸುಲಭ," ಎನ್ನುತ್ತಾರೆ ಅವರು. ನಾನು ಹೇಳಿದ್ದನ್ನು ನೀವು ಯಾವತ್ತು ಕೇಳಿದ್ದೀರಿ ಎಂಬಲ್ಲಿಗೆ ಅದು ಬೆಳೆಯಿತು. ಆ ಟ್ಯೂಬಿನ ಮೇಲೆ "ಪದ" ಎಂದಿದೆ. ತಮ್ಮ ಫ್ರೀಜರಿನಲ್ಲಿ ನೋಡಿಕೊಳ್ಳಬಹುದು.

ಹೀಗಾಗಿ, ನನ್ನ ದಾಂಪತ್ಯದ ಬಗ್ಗೆ ತಮ್ಮ ಮೊಹರಿನೊಂದಿಗೆ ಬಂದಿರುವ ಹೇಳಿಕೆಗೆ ಮೂಲ ಕಾರಣ, ಪರದೆಯ ಅಗಲ ಸಾಲದಿರುವುದು.

೧೩. ವಿಭಾಗದ ಮುಖ್ಯಸ್ಥರನ್ನೂ ಕಂಡೆ.

"ತಾಂತ್ರಿಕವಾಗಿ ನೀವು ಸಂತೃಪ್ತರೇ ಅಮ್ಮ. ಅದರಲ್ಲಿ ಬೇಜಾರು ಮಾಡ್ಕೊಳ್ಳೋದೇನಿದೆ?"

"ಮಾದರಿಯನ್ನ ನೀರು ಬೆರೆಸಿ ತೆಳು ಮಾಡಿ ಮತ್ತೆ ನೋಡ್ಬಹುದಿತ್ತಲ್ಲ ಸಾರ್? ಸಂಖ್ಯೆ ಸಿಗ್ತಿತ್ತು."

"ನೋಡ್ಬಹುದಿತ್ತು. ಇದ್ದಿದ್ದನ್ನ ಪಟ್ಟಿ ಕುಡಿದುಬಿಡ್ತು. ಇನ್ನೊಂದು ಮಾದರಿ ಕೊಡಿ, ಆದ್ರೆ ಈಗ ಬೇಡ." ಕ್ಯಾಲೆಂಡರ್ ತಿರುಗಿಸಿದರು. "ಆರು ತಿಂಗಳು ಬಿಟ್ಟು ಬನ್ನಿ. ಅಷ್ಟೊತ್ತಿಗೆ ನೀವೇ ಅಳತೆಯೊಳಗೆ ಬರ್ತೀರಿ. ಎಲ್ಲರೂ ಬರ್ತಾರೆ."

ಅವರು ಇದನ್ನು ಸಮಾಧಾನದ ಮಾತೆಂದೇ ತಿಳಿದು ಹೇಳಿದರೆಂಬುದನ್ನು ನ್ಯಾಯದ ದೃಷ್ಟಿಯಿಂದ ದಾಖಲಿಸುತ್ತೇನೆ.

೧೪. ಮೇಲಿನ ಎಲ್ಲ ಕಾರಣಗಳಿಂದ, "ಸಂತೃಪ್ತ" ಎಂಬುದನ್ನು ಹೊಡೆದುಹಾಕಿ "ಅಳತೆ ಮೀರಿದೆ" ಎಂದು ತಿದ್ದಿ, ಅದೇ ಅಗಲದ ಮೊಹರು ಹಾಕಿ, ಶನಿವಾರದೊಳಗೆ ಕೊಡಬೇಕಾಗಿ ಕೋರಲು ಈ ಅರ್ಜಿಯನ್ನು ಆರಂಭಿಸಿದೆ. ಇಲ್ಲಿಯವರೆಗೆ ಬರೆಯುವಷ್ಟರಲ್ಲಿ ಶನಿವಾರವೇ ಬಂದಿದೆ. ಅತ್ತೆಯವರ ಚೀಲ ಬಾಗಿಲ ಬಳಿ ಇದೆ. ಅವರ ಹೊಲಿಗೆಯ ಡಬ್ಬಿ ಚೀಲದ ಮೇಲಿದೆ. ಮುಂದಿನದನ್ನು ನಡೆದ ಹಾಗೆ ಬರೆಯುತ್ತಿರುವ ಕಾರಣ ಕ್ರಮ ತಪ್ಪಿದ್ದರೆ ಮನ್ನಿಸಬೇಕು.

೧೫. ತಮಗೆ ಹಿಂತಿರುಗಿಸಲೆಂದು ಯಂತ್ರವನ್ನು ಒರೆಸಿ ಮೇಜಿನ ಮೇಲೆ ಇಟ್ಟಿದ್ದೆ. ಅಂಗೈಯಗಲದ್ದು. ಗಾಡಿಗೆ ಕಾಯುತ್ತ ಕುಳಿತಿದ್ದ ಅತ್ತೆ ಅದನ್ನು ನೋಡಿದರು. ನನ್ನೊಂದಿಗೆ ಮಾತು ಬಿಟ್ಟಿದ್ದ ಕಾರಣ ಯಂತ್ರವನ್ನು ನೋಡಿಯೇ ಮಾತಾಡಿದರು.

"ಇದೇನಾ ಸರ್ಟಿಫಿಕೇಟ್ ಕೊಟ್ಟಿದ್ದು?"

"ಅದರ ತಮ್ಮ. ದೊಡ್ಡದು ಅಲ್ಲಿದೆ."

"ನನಗೂ ಹಾಕು."

"ಯಾಕೆ ಅತ್ತೆ?"

"ಹೋಗೋಕೆ ಮುಂಚೆ ಗೊತ್ತಾಗಿಬಿಡ್ಲಿ. ಈ ಮನೇಲಿ ಯಾರು ಎಷ್ಟು ಅತ್ತಿದಾರೆ ಅಂತ ನಿನಗೂ ಗೊತ್ತಾಗ್ಲಿ, ಅದಕ್ಕೂ ಗೊತ್ತಾಗ್ಲಿ."

ಫ್ರಿಜ್‌ನಲ್ಲಿ ಹಾಲಿನ ಪಕ್ಕ ಮೂರು ಪಟ್ಟಿಗಳು ಉಳಿದಿದ್ದವು. ಕಣ್ಣೀರಿಗೆ ಅವರು ಕಾಯಬೇಕಾಗಲಿಲ್ಲ; ಹಾಗೆ ಹೇಳುವಾಗಲೇ ಅದು ಬಂದಿತ್ತು. ನಾನು ಪಟ್ಟಿ ಹಿಡಿದು, "ಒಂದ್ ನಿಮಿಷ, ಒರೆಸ್ಕೋಬೇಡಿ, ಹಾಗೇ ಇರಿ," ಎಂದೆ. ಹೇಳಿದ ಮೇಲೆ ನನ್ನ ಬಾಯಿಂದ ಬಂದದ್ದು ಯಾರ ಮಾತೆಂದು ಇಬ್ಬರಿಗೂ ಗೊತ್ತಾಯಿತು.

ಪಟ್ಟಿಯನ್ನು ಯಂತ್ರಕ್ಕೆ ಸಿಕ್ಕಿಸಿದೆ. ಅದು ಯೋಚಿಸಿತು. ಅತ್ತೆ ಕನ್ನಡಕ ಹಾಕಿಕೊಂಡು ಪರದೆಗೆ ಮುಖ ತಂದು, ಅಕ್ಷರ ಅಕ್ಷರ ಕೂಡಿಸಿ ಓದಿದರು.

"ಸಂ... ತೃ... ಪ್ತ."

ಕನ್ನಡಕ ತೆಗೆದು ಸೆರಗಿನಿಂದ ಒರೆಸಿ, ಹಾಕಿಕೊಂಡು ಮತ್ತೆ ಓದಿದರು.

"ಕೆಟ್ಟಿದೆ ಇದು. ಇನ್ನೊಂದ್ಸಲ ಹಾಕು."

ಹಾಕಿದೆ. ಅದು ಮತ್ತೆ ಅದನ್ನೇ ಹೇಳಿತು.

"ನಾನೂ ಸಂತೃಪ್ತಳಾ?"

"ಹೂಂ ಅತ್ತೆ."

"ನೀನೂ ಹೀಗೇನಾ? ಇಷ್ಟೇನಾ?"

"ಹೂಂ."

"ಹೀಗೆ ಯಾವನು ಬರೆದಿದ್ದು ಇದರೊಳಗೆ?"

"ನಿಮ್ಮ ಮಗ."

ಅತ್ತೆ ಯಂತ್ರವನ್ನು ಕೈಗೆತ್ತಿಕೊಂಡರು. ಪರದೆಯ ಅಗಲವನ್ನು, ಬಟ್ಟೆ ಅಳೆಯುವವರ ಹಾಗೆ, ಹೆಬ್ಬೆರಳಿನಿಂದ ಅಳೆದರು.

"ಜಾಗ ಸಾಲ್ದೆ ಹಾಕಿರ್ತಾನೆ," ಎಂದರು. "ಶಾಲೇಲೂ ಹಾಗೇ. ಎರಡು ಪುಟದ ಪ್ರಬಂಧನ ಮೂರು ಸಾಲಲ್ಲಿ ಮುಗಿಸಿ ಆಟಕ್ಕೆ ಓಡ್ತಿದ್ದ. ಹೊಡೆದೂ ನೋಡಿದೀನಿ. ಉದ್ದ ಆಗ್ಲಿಲ್ಲ."

ಕೆಳಗೆ ಗಾಡಿಯವನು ಹಾರ್ನ್ ಹೊಡೆದ. ಮತ್ತೆ ಹೊಡೆದ. ಅತ್ತೆ ಬಾಲ್ಕನಿಗೆ ಹೋಗಿ ಬಗ್ಗಿ, ಶಾಲೆಯ ದನಿಯಲ್ಲಿ, "ಯಾಕಪ್ಪಾ ಹಾಗೆ ಬಾಯಿ ಬಡ್ಕೋತೀಯ? ಇವತ್ತು ಬರಲ್ಲ ಅಂತ ಅವಳಿಗೆ ಹೇಳು, ಹೋಗು!" ಎಂದರು. ಒಳಗೆ ಬಂದು ಹೊಲಿಗೆಯ ಡಬ್ಬಿಯನ್ನು ಮಾತ್ರ ಎತ್ತಿ ಕಿಟಕಿಯ ಬಳಿ, ಅದರ ಜಾಗದಲ್ಲಿ ಇಟ್ಟರು. ಚೀಲ ಈ ಅರ್ಜಿ ಮುಗಿಯುವವರೆಗೂ ಬಾಗಿಲಲ್ಲೇ ಇದೆ. ಎರಡರ ನಡುವೆ ನಾವು ಓಡಾಡಿಕೊಂಡಿದ್ದೇವೆ.

೧೬. ಸತ್ಯವನ್ನು ಮರೆಮಾಚಬಾರದೆಂಬ ಕಾರಣ ಇದನ್ನೂ ನಮೂದಿಸುತ್ತೇನೆ: ಪಟ್ಟಿಗಳ ಡಬ್ಬಿಯ ಮೇಲಿನ ಅವಧಿ ಮುಗಿದಿದೆ. ಅವು ಹಾಳಾಗಿದ್ದು, ಏನು ಹಾಕಿದರೂ ಸಂತೃಪ್ತ ಎನ್ನುತ್ತಿರಬಹುದು. ಉಳಿದಿರುವ ಒಂದು ಪಟ್ಟಿಗೆ ಬರಿಯ ನೀರು ಹಾಕಿ ನೋಡಿದರೆ ಇದು ಗೊತ್ತಾಗುತ್ತದೆ. ಇಷ್ಟು ಪರೀಕ್ಷೆ ಮಾಡದ ಫಲಿತಾಂಶವನ್ನು ನಮ್ಮ ಪ್ರಯೋಗಾಲಯದಲ್ಲಿ ನಾನು ಮುಖಕ್ಕೆ ಎಸೆಯುತ್ತೇನೆ.

ನೀರು ಹಾಕಿ ನೋಡಿಲ್ಲ. ನೋಡುವುದಿಲ್ಲ.

೧೭. ಊಟಕ್ಕೆ ಕುಳಿತಾಗ ಅತ್ತೆಯೇ ಬಡಿಸಿದರು. "ನಿನ್ನ ಅರ್ಜಿ ಎಲ್ಲಿಗೆ ಬಂತು?" ಎಂದು ಕೇಳಿದರು. ಪದ ತಿದ್ದಲು ಕೇಳುತ್ತಿದ್ದೇನೆ ಎಂದೆ.

"ತಿದ್ದೋದು ಬೇಡ. ಅವನು ಬರೆದಿದ್ದು ಇರ್ಲಿ." ಸ್ವಲ್ಪ ಯೋಚಿಸಿ, "ನನಗೂ ಒಂದು ಬರ್ಕೊಡೋಕೆ ಹೇಳು. ಸೀಲ್ ಹಾಕಿಸಿ. ನಿನ್ನ ನಾದಿನಿಗೆ ತೋರಿಸ್ಬೇಕು," ಎಂದರು.

ಆದ್ದರಿಂದ, ಸದರಿ ಅರ್ಜಿಯ ವಿಷಯ ಅದರ ಕೊನೆಗೆ ಬರುವ ಹೊತ್ತಿಗೆ ಬದಲಾಗಿದೆ. ತಮ್ಮ ಸಂಸ್ಥೆಯಲ್ಲಿ ತಿದ್ದುಪಡಿ ಎಷ್ಟು ಕಷ್ಟವೆಂದು ತಿಳಿದ ಕಾರಣ ಮೇಲಿನ ವಿಷಯದ ಸಾಲನ್ನು ಹಾಗೇ ಬಿಟ್ಟು, ಈ ಕೆಳಕಂಡಂತೆ ಕೋರುತ್ತೇನೆ:

ಅ) "ಸಂತೃಪ್ತ" ಎಂಬ ಪದವನ್ನು ವರದಿಯಲ್ಲಾಗಲಿ, ಪದಕೋಶದಲ್ಲಾಗಲಿ, ಯಂತ್ರದಲ್ಲಾಗಲಿ ಯಾರೂ ಮುಟ್ಟಬಾರದು. ಮುಂದೆ ತಾವು ಅಗಲವಾದ ಪರದೆ ಕೊಂಡರೂ ಸಹ.

ಆ) ಅದೇ ಪದವಿರುವ, ಅದೇ ಮೊಹರಿನ ವರದಿಯೊಂದನ್ನು ಅತ್ತೆಯವರಿಗೆ ದಾನಿ ಸಂಖ್ಯೆ ಹತ್ತು ಎಂದು ನಮೂದಿಸಿ ನೀಡಬೇಕು. ಸಂದರ್ಭ ಎಂಬಲ್ಲಿ "ಮಗನ ಮರಣಾನಂತರ" ಎಂದಿರಲಿ. ಷರಾ ಎಂಬಲ್ಲಿ ಏನೂ ಬರೆಯಬಾರದು. ಅವರು ಅದನ್ನೂ ಓದುತ್ತಾರೆ.

ಇ) ಫ್ರೀಜರಿನಲ್ಲಿ ನನ್ನ ಪತಿಯವರ ಖಾನೆಯನ್ನು ಬೇರೊಬ್ಬರಿಗೆ ಕೊಡಬೇಕಾಗಿದೆಯೆಂದು ಪಾಯಿಂಟ್ ಸಾರ್ ತಿಳಿಸಿದ್ದಾರೆ. ನನ್ನ ಜಗಳಗಳನ್ನೆಲ್ಲ ತಾವು ಧಾರಾಳವಾಗಿ ಚೆಲ್ಲಬಹುದು. ಅವುಗಳಲ್ಲಿ ಬಹುಪಾಲು ನನ್ನ ತಪ್ಪಲ್ಲ. "ನಗು" ಎಂದು ಬರೆದಿರುವ ಒಂದು ಟ್ಯೂಬನ್ನು ಮಾತ್ರ ಚೆಲ್ಲಬಾರದು.

ಅದರ ವಿವರ: ಪಟ್ಟಿಯಲ್ಲಿ ಚಿನ್ನ ಇದೆಯೆಂದು ಮೊದಲ ಸಲ ಕೇಳಿದಾಗ ಅತ್ತೆ, "ಇವುಗಳನ್ನೆಲ್ಲ ಕೂಡಿಟ್ರೆ ಒಂದು ಉಂಗುರ ಆಗುತ್ತೇನೋ?" ಎಂದರು. ನನ್ನ ಪತಿ ಕಾಗದದ ಮೇಲೆ ಲೆಕ್ಕ ಹಾಕಿ, ಸೊಸೆ ದಿನಾ ಅತ್ತರೂ ಏಳು ತಲೆಮಾರು ಬೇಕು ಎಂದರು. ಅತ್ತೆ ನನ್ನ ಕಡೆ ತಿರುಗಿ, ಗಂಭೀರವಾಗಿ, "ಹಾಗಾದ್ರೆ ಯಾಕಮ್ಮ ಸುಮ್ನೆ ಕೂತಿದೀಯ? ಶುರು ಮಾಡು," ಎಂದರು. ಮೂವರೂ ಉಸಿರು ಸಿಗದೆ ನಕ್ಕೆವು. ನನ್ನ ಕಣ್ಣಲ್ಲಿ ನೀರು ಬಂತು. ಅವರು ನಗುತ್ತಲೇ, ಬಾಗಿಲಿಗೆ ಮೊಣಕೈ ತಗುಲಿಸಿಕೊಂಡು, ಫ್ರಿಜ್ ಕಡೆ ಓಡಿದರು.

ಈ) ಉಲ್ಲೇಖ ೩ರಲ್ಲಿ ಕೋರಿರುವ ಯಂತ್ರದ ಬಗ್ಗೆ ಕೆಳಗಿನ ವಿಶೇಷ ಸೂಚನೆ ನೋಡುವುದು.

ತಮ್ಮ ವಿಶ್ವಾಸಿ, ಅಳತೆಯ ಆಚೆಯಿಂದ,
(ಸಹಿ)
ದಾನಿ ಸಂಖ್ಯೆ ಒಂಬತ್ತು

ಲಗತ್ತುಗಳು:
೧. ಉಲ್ಲೇಖಿತ ವರದಿಯ ನಕಲು. (ಮೂಲಪ್ರತಿಯನ್ನು ಅತ್ತೆ ಹೊಲಿಗೆಯ ಡಬ್ಬಿಯಲ್ಲಿ ಇಟ್ಟುಕೊಂಡಿದ್ದಾರೆ, ಕೊಡುವುದಿಲ್ಲವಂತೆ.)
೨. ಬಳಸಿದ ಪಟ್ಟಿಗಳು, ಎರಡು. ದಾನಿ ಸಂಖ್ಯೆ ಹತ್ತರವು.
೩. ಬಳಸದ ಪಟ್ಟಿ, ಒಂದು. ಲಗತ್ತಿಸಿಲ್ಲ.
೪. ಯಂತ್ರ. ಲಗತ್ತಿಸಿಲ್ಲ.

ವಿ.ಸೂ.: ನಾವಿಬ್ಬರೂ ಅಳತೆಯೊಳಗೆ ಬಂದ ದಿನ ಯಂತ್ರವನ್ನು ಒರೆಸಿ, ಪೆಟ್ಟಿಗೆಯಲ್ಲಿಟ್ಟು, ಖುದ್ದಾಗಿ ಹಿಂತಿರುಗಿಸಲಾಗುವುದು. ಪರೀಕ್ಷಿಸಿಕೊಳ್ಳಲು ಆಗಾಗ ಒಂದೊಂದು ಡಬ್ಬಿ ಪಟ್ಟಿ ಕಳುಹಿಸುತ್ತಿರಬೇಕು. ಅವಧಿ ಮುಗಿದವಾದರೂ ಆಗುತ್ತದೆ. ಅಲ್ಲಿಯವರೆಗೆ ದಯಮಾಡಿ ಮತ್ತೆ ಜ್ಞಾಪನ ಕಳುಹಿಸಬಾರದಾಗಿ ಕೋರಿಕೆ. ನಮಗೆ ಜ್ಞಾಪಕವಿದೆ.